ಮಾನವ ಹಕ್ಕು ಆಯೋಗಕ್ಕೆ ದೂರು: ಹೊಸ್ತಿಲಲ್ಲೇ ಬೀಳದ ಹಾಗೆ ಬರೆಯುವುದು ಹೇಗೆ

ಮಾನ್ವಿ ತಹಶೀಲ್ದಾರ್ ಕಚೇರಿ ಎದುರಿನ ಬೇವಿನ ಮರದ ಕೆಳಗೆ ನಾನು ಅರ್ಜಿ ಬರೆಯಲು ಕೂತು 24 ವರ್ಷವಾಯಿತು. ಮೊದಲು ಕೈಬರಹ, ಆಮೇಲೆ ಟೈಪ್‌ರೈಟರ್, ಈಗ ಲ್ಯಾಪ್‌ಟಾಪು, ಪ್ರಿಂಟರು, ಕಾಲ ಬುಡದಲ್ಲಿ ಒಂದು ಬ್ಯಾಟರಿ. ಪಹಣಿ ತಿದ್ದುಪಡಿ, ವಿಧವಾ ವೇತನ, ಬೆಳೆ ಪರಿಹಾರ, ದಿನದ ಕೆಲಸವೆಂದರೆ ಇವೇ. ಆದರೆ ತಿಂಗಳಿಗೆ ಒಬ್ಬರೋ ಇಬ್ಬರೋ ಬಂದು ಪಕ್ಕದಲ್ಲಿ ಕೂತು, ಜನ ಕರಗುವವರೆಗೆ ಕಾದು, ದನಿ ತಗ್ಗಿಸಿ, "ಮಾನವ ಹಕ್ಕಿಗೆ ಒಂದು ಬರದು ಕೊಡ್ರಿ" ಅನ್ನುತ್ತಾರೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ, ಅವರಿಗೆ ಬರೆದುಕೊಡುವ ನನ್ನಂಥವರಿಗಾಗಿಯೂ.

ನನ್ನ ಕೈಯಲ್ಲೇ ಕೆಟ್ಟ ಒಂದು ದೂರಿನಿಂದ ಶುರು ಮಾಡುತ್ತೇನೆ. ಹತ್ತಿರದ ಹಳ್ಳಿಯ ಹಮಾಲಿ ಹುಡುಗನನ್ನು ಒಂದು ಠಾಣೆಗೆ ಒಯ್ದು ಎರಡು ರಾತ್ರಿ ಇಟ್ಟುಕೊಂಡು, ಅಂಗಾಲು ಬಾತುಹೋಗುವಂತೆ ಹೊಡೆದಿದ್ದರು. ಅವನ ತಾಯಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ನಾಲ್ಕು ಪುಟವಾಯಿತು. ಓದಿದವರ ಕರುಳು ಚುರುಕ್ ಅನ್ನುವಂಥ ದೂರು. ಘಟನೆಯ ತಾರೀಖು ಮಾತ್ರ ಮೂರನೆಯ ಪುಟದ ನಡುವೆ ಎಲ್ಲೋ ಒಂದು ಕಡೆ ಇತ್ತು, ಅದನ್ನು ನಾನು ಎಣಿಸಿ ನೋಡಿರಲಿಲ್ಲ. ಊರಿನ ಹಿರಿಯರು ರಾಜಿ ಮಾಡಿಸುತ್ತೇವೆಂದು ದಿನ ದೂಡಿದ್ದರು, ನನ್ನ ಹತ್ತಿರ ಬರುವ ಹೊತ್ತಿಗೆ 13 ತಿಂಗಳು ಕಳೆದಿತ್ತು. ಉತ್ತರ ಬಂತು, ಅರ್ಧ ಪುಟ: ಘಟನೆ ನಡೆದು ಒಂದು ವರ್ಷ ಮೀರಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ. ಹೊಡೆದದ್ದು ನಿಜವೋ ಸುಳ್ಳೋ ಎಂದು ಯಾರೂ ನೋಡಲೇ ಇಲ್ಲ. ನೋಡುವ ಹಂತಕ್ಕೆ ಆ ಕಾಗದ ಹೋಗಲೇ ಇಲ್ಲ.

ಅಂದಿನಿಂದ ನನಗೆ ಗೊತ್ತಾದದ್ದು ಇಷ್ಟು. ಆಯೋಗಕ್ಕೆ ಹೋಗುವ ದೂರನ್ನು ಎರಡು ಸಲ ಓದುತ್ತಾರೆ. ಮೊದಲ ಸಲ ಇದನ್ನು ಒಳಗೆ ಬಿಟ್ಟುಕೊಳ್ಳಬೇಕೇ ಎಂದು ನೋಡುತ್ತಾರೆ. ಎರಡನೆಯ ಸಲ ಹೇಳಿರುವುದು ನಿಜವೇ ಎಂದು. ನಮ್ಮವರು ಪೂರಾ ಶಕ್ತಿಯನ್ನು ಎರಡನೆಯದಕ್ಕೇ ಹಾಕುತ್ತಾರೆ. ದೂರುಗಳು ಬೀಳುವುದು ಮೊದಲನೆಯದರಲ್ಲಿ.

ಈ ಹೊಸ್ತಿಲು ನಮ್ಮ ಕಡೆ ಮಾತ್ರ ಇದೆಯೆಂದು ತಿಳಿದಿದ್ದೆ. ನನ್ನ ಮಗಳು ಕಲಬುರಗಿಯಲ್ಲಿ ಎಲ್‌ಎಲ್‌ಬಿ ಓದುತ್ತಾಳೆ. ಹೋದ ದೀಪಾವಳಿಗೆ ಬಂದಾಗ ಅಂತರರಾಷ್ಟ್ರೀಯ ಕಾನೂನಿನ ನೋಟ್ಸ್ ತೆಗೆದು ಒಂದು ಪುಟ ಓದಿ ಹೇಳಿದಳು. ಅಮೆರಿಕ ಖಂಡದ ದೇಶಗಳಿಗೆಲ್ಲ ಸೇರಿ ಒಂದು ಮಾನವ ಹಕ್ಕು ಆಯೋಗ ಇದೆ, ವಾಷಿಂಗ್ಟನ್‌ನಲ್ಲಿ, 1959ರಿಂದ. ಅದರ ಮುಂದಿನ ಒಪ್ಪಂದವನ್ನು 1969ರಲ್ಲಿ ಕೋಸ್ಟರಿಕಾದ ಸ್ಯಾನ್ ಹೊಸೆಯಲ್ಲಿ ಬರೆದರು. ಅದರ 46ನೇ ವಿಧಿ ಪೂರಾ ಹೊಸ್ತಿಲಿನದೇ. ತಮ್ಮ ದೇಶದ ಕೋರ್ಟುಗಳಲ್ಲಿ ಇರುವ ದಾರಿಗಳನ್ನೆಲ್ಲ ಮುಗಿಸಿ ಬಂದಿರಬೇಕು. ಕೊನೆಯ ತೀರ್ಪು ಕೈಗೆ ಸಿಕ್ಕ 6 ತಿಂಗಳೊಳಗೆ ಬಂದಿರಬೇಕು. ಇದೇ ವಿಷಯ ಬೇರೆ ಅಂತರರಾಷ್ಟ್ರೀಯ ಸಂಸ್ಥೆಯ ಮುಂದೆ ಬಾಕಿ ಇರಬಾರದು. ಹೆಸರು, ವಿಳಾಸ, ಸಹಿ ಇರಬೇಕು. ಯುರೋಪಿನ ಮಾನವ ಹಕ್ಕು ನ್ಯಾಯಾಲಯದಲ್ಲೂ ಮೊದಲು 6 ತಿಂಗಳೇ ಇತ್ತು, 2022ರ ಫೆಬ್ರುವರಿ 1ರಿಂದ ಅದನ್ನು 4 ತಿಂಗಳಿಗೆ ಇಳಿಸಿದ್ದಾರೆ. ಆಫ್ರಿಕಾದ ಮಾನವ ಹಕ್ಕು ಸನ್ನದಿನ 56ನೇ ವಿಧಿ ತಿಂಗಳ ಲೆಕ್ಕ ಹೇಳುವುದಿಲ್ಲ, ಸಮಂಜಸವಾದ ಕಾಲದೊಳಗೆ ಬನ್ನಿ ಅನ್ನುತ್ತದೆ.

ಕೇಳುತ್ತಾ ಕೂತವನಿಗೆ ನಮ್ಮ ಆ ತಾಯಿಯ ನೆನಪಾಯಿತು. ಹೊಂಡುರಾಸ್‌ನಲ್ಲೋ ಪೆರುವಿನಲ್ಲೋ ಇಂಥದೇ ಇನ್ನೊಬ್ಬ ತಾಯಿ ಇಂಥದೇ ಮರದ ಕೆಳಗೆ ಕೂತು ತಾರೀಖು ಹೇಳಲು ತಡವರಿಸುತ್ತಿರಬಹುದು ಅನ್ನಿಸಿತು.

ಏಷ್ಯಾ ಖಂಡಕ್ಕೆ ಅಂಥ ಆಯೋಗವಾಗಲಿ ನ್ಯಾಯಾಲಯವಾಗಲಿ ಇಲ್ಲ. ಕೆಲವರು "ವಿಶ್ವಸಂಸ್ಥೆಗೇ ಬರೀರಿ" ಅನ್ನುತ್ತಾರೆ. ನಾಗರಿಕ ಹಾಗೂ ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ ಭಾರತ 1979ರಲ್ಲೇ ಸೇರಿದೆ, ಆದರೆ ಒಬ್ಬೊಬ್ಬ ವ್ಯಕ್ತಿ ನೇರವಾಗಿ ದೂರು ಕೊಡಲು ದಾರಿ ಮಾಡುವ ಅದರ ಹೆಚ್ಚುವರಿ ಒಪ್ಪಂದಕ್ಕೆ ಸೇರಿಲ್ಲ. ಹಾಗಾಗಿ ಮಾನ್ವಿಯವರಿಗೆ, ಕೊಪ್ಪಳದವರಿಗೆ, ಬಳ್ಳಾರಿಯವರಿಗೆ ಇರುವ ಆಯೋಗದ ಬಾಗಿಲು ಎರಡೇ: ದೆಹಲಿಯ ರಾಷ್ಟ್ರೀಯ ಆಯೋಗ, ಬೆಂಗಳೂರಿನ ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿರುವ ರಾಜ್ಯ ಆಯೋಗ. ಎರಡೂ ನಡೆಯುವುದು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಮೇಲೆ. ಶುಲ್ಕವಿಲ್ಲ, ಸ್ಟಾಂಪ್ ಪೇಪರ್ ಬೇಡ, ವಕೀಲರು ಬೇಕೇಬೇಕೆಂದಿಲ್ಲ, ಕನ್ನಡದಲ್ಲೇ ಬರೆಯಬಹುದು.

ತಾರೀಖು ಮೊದಲು, ಸಂಕಟ ಆಮೇಲೆ

ಕಾಯ್ದೆಯ 36ನೇ ಕಲಂ ಹೇಳುವ ಪ್ರಕಾರ ಘಟನೆ ನಡೆದ ದಿನದಿಂದ ಒಂದು ವರ್ಷ ಮೀರಿದರೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಎಣಿಕೆ ಶುರುವಾಗುವುದು ಘಟನೆಯ ದಿನದಿಂದ. ನಿಮಗೆ ಧೈರ್ಯ ಬಂದ ದಿನದಿಂದ ಅಲ್ಲ, ರಾಜಿ ಮುರಿದ ದಿನದಿಂದಲೂ ಅಲ್ಲ.

ನಮ್ಮ ಕಡೆ ತಾರೀಖು ಕೇಳಿದರೆ ಹಬ್ಬ ಹೇಳುತ್ತಾರೆ. "ಅಲಾಯಿ ಹಬ್ಬದ ಮರದಿನ್ರಿ", "ಕಾರಹುಣ್ಣಿವಿ ಇನ್ನ ಎರಡು ದಿನ ಇತ್ತು", "ಅಂಬಾಮಠದ ಜಾತ್ರಿ ಮುಗಿಸ್ಕೊಂಡು ಬಂದಿದ್ವಿ". ಇದು ಸುಳ್ಳಲ್ಲ, ಅವರ ಲೆಕ್ಕ ನಮ್ಮ ಲೆಕ್ಕಕ್ಕಿಂತ ಗಟ್ಟಿ. ಅದನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸುವುದು ಬರೆಯುವವನ ಕೆಲಸ. ಅದಕ್ಕೇ ನನ್ನ ಡ್ರಾದಲ್ಲಿ ಹಿಂದಿನ ಮೂರು ವರ್ಷದ ಗೋಡೆ ಕ್ಯಾಲೆಂಡರುಗಳನ್ನು ಸುತ್ತಿ ಇಟ್ಟಿದ್ದೇನೆ. ಒಬ್ಬರು 2024ರ ಅಲಾಯಿ ಹಬ್ಬದ ಮರುದಿನ ಅಂದರು. ತೆಗೆದು ನೋಡಿದೆ, ಮೊಹರಂ ಜುಲೈ 17, ಬುಧವಾರ. ಮರುದಿನ ಗುರುವಾರ. "ಅವತ್ತು ಸಂತಿ ಇತ್ತೇನು? ಸಾಲಿ ಸೂಟಿ ಇತ್ತೇನು?" ಎಂದು ಕೇಳಿ ವಾರ ಹೊಂದಿಸಿಕೊಂಡೆ. ಆಮೇಲೆ ದೂರಿನ ಮೊದಲ ವಾಕ್ಯವನ್ನೇ ಹೀಗೆ ಬರೆದೆ:

"ದಿನಾಂಕ 18-07-2024, ಗುರುವಾರ, ಸಂಜೆ ಸುಮಾರು 6 ಗಂಟೆಗೆ ನನ್ನ ಗಂಡನನ್ನು ಮನೆಯಿಂದ ಪೊಲೀಸ್ ಠಾಣೆಗೆ ಕರೆದೊಯ್ದರು. ದಿನಾಂಕ 20-07-2024, ಶನಿವಾರ, ಬೆಳಿಗ್ಗೆ ಸುಮಾರು 11 ಗಂಟೆಗೆ ಬಿಟ್ಟರು. ಈ ದೂರು ಒಂದು ವರ್ಷದ ಅವಧಿಯೊಳಗೆ ಇದೆ."

ಆ ಮೂರನೆಯ ವಾಕ್ಯವನ್ನು ಬಿಡಬೇಡಿ. ಮೊದಲ ಸಲ ಓದುವವರು ಹುಡುಕುವುದೇ ಅದನ್ನು. 2025ರ ಜುಲೈ 17ರೊಳಗೆ ಇದು ಬೆಂಗಳೂರಿನಲ್ಲಿ ಇರಬೇಕಿತ್ತು. ಅಂಚೆಯಲ್ಲಿ ಒಂದು ವಾರ ಹೋದರೂ ಹೋಯಿತು ಎಂದು ಎಣಿಸಿ ಕಳಿಸಿ.

ಕೆಲವು ಅನ್ಯಾಯಗಳಿಗೆ ಒಂದು ದಿನ ಅಂತ ಇರುವುದಿಲ್ಲ. ಎರಡು ವರ್ಷದಿಂದ ಕೇರಿಗೆ ಬರುವ ನೀರು ಕೆಟ್ಟಿದೆ, ಇವತ್ತಿಗೂ ಅದೇ ನೀರು. ಇಂಥಲ್ಲಿ "ಉಲ್ಲಂಘನೆ ಇಂದಿಗೂ ಮುಂದುವರಿದಿದೆ" ಎಂದು ಸ್ಪಷ್ಟವಾಗಿ ಬರೆದು, ತೀರಾ ಇತ್ತೀಚಿನ ಘಟನೆಯ ತಾರೀಖು ಕೊಡಿ. ಎರಡು ವರ್ಷದ ಹಿಂದಿನದನ್ನು "ಹಿನ್ನೆಲೆ" ಎಂದು ಬೇರೆ ಪ್ಯಾರಾದಲ್ಲಿ ಇಡಿ. ಮುಗಿದುಹೋದ ಒಂದು ಏಟಿಗೆ ಈ ಮಾತು ನಡೆಯುವುದಿಲ್ಲ.

ಕೋರ್ಟಿಗೆ ಮೊದಲು ಹೋಗಬೇಕೇ

ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ವಾಷಿಂಗ್ಟನ್ನಿನ ಆಯೋಗಕ್ಕೂ ನಮ್ಮದಕ್ಕೂ ಇಲ್ಲಿ ದಾರಿ ಪೂರ್ತಿ ತಿರುಗುಮುರುಗು. ಅಲ್ಲಿ ಕೋರ್ಟು ಮುಗಿಸಿ ಬನ್ನಿ ಅನ್ನುತ್ತಾರೆ, ಸಮಯದ ಎಣಿಕೆಯೂ ಕೊನೆಯ ತೀರ್ಪಿನಿಂದಲೇ ಶುರು. ಅಲ್ಲಿಯೂ ವಿನಾಯಿತಿ ಇದೆ: ಕೋರ್ಟಿಗೆ ಹೋಗಲು ಬಿಡದಿದ್ದರೆ, ತೀರ್ಪು ವಿನಾಕಾರಣ ತಡವಾದರೆ, ದಾರಿ ಮುಗಿಸಿಯೇ ಬನ್ನಿ ಎಂದು ಹಟ ಹಿಡಿಯುವುದಿಲ್ಲ. ನಮ್ಮ ಆಯೋಗಕ್ಕೆ ಬರುವ ಮೊದಲು ಕೋರ್ಟು ಹತ್ತಬೇಕೆಂಬ ಷರತ್ತು ಇಲ್ಲವೇ ಇಲ್ಲ. ಬದಲಿಗೆ, ಅದೇ ವಿಷಯ ಕೋರ್ಟಿನ ಮುಂದೆ ಇದ್ದರೆ ಆಯೋಗ ಕೈ ಹಾಕುವುದಿಲ್ಲ. "ಕೋರ್ಟಿನ್ಯಾಗ ಏನಾಗತದ ನೋಡಿ ಆಮೇಲೆ ಆಯೋಗಕ್ಕ ಹೋಗೋಣ" ಅಂತ ಕೂತವರಿಗೆ ಎರಡು ಕಡೆಯಿಂದ ಪೆಟ್ಟು. ವಿಷಯ ಕೋರ್ಟಿನಲ್ಲಿದೆ ಎಂದು ಬಾಗಿಲು ಹಾಕುತ್ತದೆ, ಅಷ್ಟರಲ್ಲಿ ವರ್ಷವೂ ಕಳೆದಿರುತ್ತದೆ.

ಆದರೆ "ಅದೇ ವಿಷಯ" ಅನ್ನುವ ಮಾತನ್ನು ಹಿಡಿದು ನೋಡಬೇಕು. ಹುಡುಗನ ಮೇಲೆ ಕಳ್ಳತನದ ಕೇಸು ಹಾಕಿ ಕೋರ್ಟಿಗೆ ಕಳಿಸಿದ್ದಾರೆ. ಅವನು ಕದ್ದನೋ ಇಲ್ಲವೋ ಎಂಬುದು ಕೋರ್ಟಿನ ವಿಷಯ. ಠಾಣೆಯಲ್ಲಿ ಅವನ ಅಂಗಾಲಿಗೆ ಹೊಡೆದದ್ದು ಬೇರೆ ವಿಷಯ. ಇದನ್ನು ಆಯೋಗದವರೇ ಬಿಡಿಸಿಕೊಳ್ಳಲಿ ಎಂದು ಬಿಡಬೇಡಿ. "ನನ್ನ ಮಗನ ಮೇಲೆ ಇಂಥ ಅಪರಾಧ ಸಂಖ್ಯೆಯ ಪ್ರಕರಣ ಇದೆ. ಅದರ ಸರಿತಪ್ಪನ್ನು ಈ ದೂರಿನಲ್ಲಿ ಕೇಳುತ್ತಿಲ್ಲ. ವಶದಲ್ಲಿದ್ದಾಗ ಹೊಡೆದ ಬಗ್ಗೆ ಯಾವ ನ್ಯಾಯಾಲಯದಲ್ಲೂ ಪ್ರಕರಣ ಇಲ್ಲ" ಎಂದು ನೀವೇ ಬರೆಯಿರಿ. ಮುಚ್ಚಿಟ್ಟು, ಆಮೇಲೆ ಎಸ್‌ಪಿ ವರದಿಯಲ್ಲಿ ಕೇಸಿನ ಸುದ್ದಿ ಬಂದರೆ ನಿಮ್ಮ ಉಳಿದ ಮಾತಿನ ಮೇಲೂ ಅನುಮಾನ ಬರುತ್ತದೆ.

ಒಂದೇ ಬಾಗಿಲು ತಟ್ಟಿ

"ಎಲ್ಲಾ ಕಡೆ ಹಾಕ್ರಿ, ಎಲ್ಲ್ಯಾರ ಒಂದು ಕಡೆ ಆಗತೈತಿ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಒಂದೇ ದೂರನ್ನು ರಾಜ್ಯ ಆಯೋಗಕ್ಕೆ, ರಾಷ್ಟ್ರೀಯ ಆಯೋಗಕ್ಕೆ, ಮಹಿಳಾ ಆಯೋಗಕ್ಕೆ, ಎಸ್‌ಸಿ ಎಸ್‌ಟಿ ಆಯೋಗಕ್ಕೆ ಒಂದೇ ದಿನ ಕಳಿಸುತ್ತಾರೆ. ಒಂದು ಆಯೋಗದ ಮುಂದೆ ಇರುವುದನ್ನು ಇನ್ನೊಂದು ವಿಚಾರಿಸಬಾರದೆಂದು ಅದೇ 36ನೇ ಕಲಂ ಮತ್ತು 21ನೇ ಕಲಂ ಹೇಳುತ್ತವೆ. ಒಬ್ಬರನ್ನೊಬ್ಬರು ತೋರಿಸುತ್ತಾ ಎಲ್ಲರೂ ಮುಚ್ಚುವ ಅಪಾಯ ಇದೆ. ಇನ್ನೊಂದು ತಪ್ಪು: ದೂರನ್ನು ಜಿಲ್ಲಾಧಿಕಾರಿಗೆ ಬರೆದು, ಕೆಳಗೆ "ಪ್ರತಿ: ಮಾನವ ಹಕ್ಕು ಆಯೋಗ" ಎಂದು ಹಾಕಿ ಜೆರಾಕ್ಸ್ ಕಳಿಸುವುದು. ಬೇರೆಯವರ ಹೆಸರಿಗೆ ಬರೆದದ್ದರ ನಕಲು ದೂರು ಎನಿಸುವುದಿಲ್ಲ. ಆಯೋಗದ ಹೆಸರಿಗೇ, ಮೂಲ ಸಹಿಯ ಜೊತೆ ಕಳಿಸಿ.

ಎಲ್ಲಿಗೆ ಎನ್ನುವುದಕ್ಕೆ ಸರಳ ಲೆಕ್ಕ. ಪೊಲೀಸು, ಜೈಲು, ಸರ್ಕಾರಿ ಆಸ್ಪತ್ರೆ, ಹಾಸ್ಟೆಲ್, ಗ್ರಾಮ ಪಂಚಾಯಿತಿ ಇವೆಲ್ಲ ರಾಜ್ಯದ ಕೆಳಗೆ ಬರುವುದರಿಂದ ರಾಜ್ಯ ಆಯೋಗ. ರೈಲ್ವೆಯಂಥ ಕೇಂದ್ರದ ವಿಷಯಕ್ಕೆ ರಾಷ್ಟ್ರೀಯ ಆಯೋಗ. ರಾಯಚೂರು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ರೈಲ್ವೆ ರಕ್ಷಣಾ ದಳದವರು ಹೊಡೆದರೆ ದೆಹಲಿಗೆ ಬರೆಯಿರಿ. ಅದೇ ನಿಲ್ದಾಣದ ಹೊರಗೆ ರಸ್ತೆಯಲ್ಲಿ ಊರಿನ ಪೊಲೀಸರು ಹೊಡೆದರೆ ಬೆಂಗಳೂರಿಗೆ.

ಯಾರ ಮೇಲೆ ದೂರು

ಸರ್ಕಾರಿ ನೌಕರ ಮಾಡಿದ ಉಲ್ಲಂಘನೆ, ಅಥವಾ ತಡೆಯಬೇಕಾದ ಸರ್ಕಾರಿ ನೌಕರ ತೋರಿದ ನಿರ್ಲಕ್ಷ್ಯ, ಇವೆರಡೇ ಆಯೋಗದ ವ್ಯಾಪ್ತಿ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ, ಆದರೆ ನಮ್ಮ ಭಾಗದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಕಿರುಸಾಲದ ವಸೂಲಿಯವನು ಸಂಜೆ ಏಳಕ್ಕೆ ಮನೆ ಮುಂದೆ ಕೂತು, ಹೆಣ್ಣುಮಕ್ಕಳಿಗೆ ಬಾಯಿಗೆ ಬಂದಂತೆ ಬೈದ. ಅವನು ಖಾಸಗಿ ಮನುಷ್ಯ, ಅವನ ಮೇಲೆ ಬರೆದ ದೂರು ವಾಪಸ್ ಬರುತ್ತದೆ. ಆದರೆ ಆ ಹೆಂಗಸು ಮರುದಿನ ಠಾಣೆಗೆ ಹೋದಾಗ "ಸಾಲ ತೊಗೊಂಡೀದಿ, ಕಟ್ಟು ಹೋಗು" ಎಂದು ಅರ್ಜಿ ಮುಟ್ಟದೆ ಕಳಿಸಿದರೆ, ಅದು ಸರ್ಕಾರಿ ನೌಕರನ ನಿರ್ಲಕ್ಷ್ಯ. ಬಲವಂತದ ವಸೂಲಿ ತಡೆಯಲೆಂದೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದ ಮೇಲೂ ಹಾಗೆ ಮಾಡಿದರೆ ದೂರು ಇನ್ನೂ ಗಟ್ಟಿ. ಹಾಗಾಗಿ ದೂರಿನ ವಿಷಯ "ವಸೂಲಿಗಾರನ ಕಿರುಕುಳ" ಎಂದಿರಬಾರದು, "ಇಂಥ ದಿನ ಇಂಥ ಠಾಣೆಯಲ್ಲಿ ದೂರು ಸ್ವೀಕರಿಸದೆ ಕಳಿಸಿದ ಬಗ್ಗೆ" ಎಂದಿರಬೇಕು. ಕತೆ ಒಂದೇ, ಹಿಡಿಯುವ ತುದಿ ಬೇರೆ.

ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ನೌಕರರ ವರ್ಗಾವಣೆ ಬಡ್ತಿ, ಇವು ಒಳಗೆ ಹೋಗುವುದಿಲ್ಲ. ಕೇಳಿ ಬಂದವರಿಗೆ ಹಾಗೇ ಹೇಳಿ ಕಳಿಸುತ್ತೇನೆ, ದುಡ್ಡು ತಗೊಳ್ಳುವುದಿಲ್ಲ.

ಹೆಸರಿಲ್ಲದ ದೂರೂ ನಿಲ್ಲುವುದಿಲ್ಲ. ಭಯ ಇದ್ದರೆ ಬೇರೆ ದಾರಿ ಇದೆ. ನೊಂದವರ ಪರವಾಗಿ ಯಾರು ಬೇಕಾದರೂ ದೂರು ಕೊಡಬಹುದು ಎಂದು 12ನೇ ಕಲಂ ಹೇಳುತ್ತದೆ. ನೆಂಟರಿರಲಿ, ಸಂಘದವರಿರಲಿ, ನಿವೃತ್ತ ಮಾಸ್ತರರಿರಲಿ. ಆ ಒಬ್ಬರು ಧೈರ್ಯವಾಗಿ ಸಹಿ ಹಾಕಿ, ನೊಂದವರ ಹೆಸರನ್ನು ಗುಟ್ಟಾಗಿಡಿ ಎಂದು ದೂರಿನಲ್ಲೇ ಕೋರಬೇಕು.

ಹಲವರ ದೂರು ಒಂದೇ ಕಟ್ಟಿನಲ್ಲಿ

ಇದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಇದನ್ನು ಕಲಿಯಲು ನನಗೆ ವರ್ಷಗಳು ಬೇಕಾದವು.

ಟಿಎಲ್‌ಬಿಸಿ (ತುಂಗಭದ್ರಾ ಎಡದಂಡೆ) ಕಾಲುವೆಯ ಕೊನೆಯ ಭಾಗದ ಒಂದು ಊರು. ಕಾಲುವೆ ನೀರನ್ನು ಕೆರೆಗೆ ತುಂಬಿಸಿ, ಅಲ್ಲಿಂದ ಪೈಪಿನಲ್ಲಿ ಕೇರಿಗೆ ಬಿಡುತ್ತಾರೆ. ಪೈಪು ಒಂದು ಕಡೆ ಚರಂಡಿಯೊಳಗೆ ಒಡೆದಿತ್ತು. ಕೇರಿಯವರು ಪಂಚಾಯಿತಿಗೆ ಎರಡು ಸಲ ಬರೆದುಕೊಟ್ಟಿದ್ದರು. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲೇ ಕೆಟ್ಟ ನೀರು ಕುಡಿದು ಜನ ಸತ್ತದ್ದು ಎಲ್ಲರಿಗೂ ನೆನಪಿತ್ತು, ಅದಕ್ಕೇ ಇವರು ಹೆದರಿ ಮೊದಲೇ ಬರೆದಿದ್ದರು. ಯಾರೂ ಬರಲಿಲ್ಲ. ಒಂದು ವಾರದಲ್ಲಿ 19 ಜನಕ್ಕೆ ವಾಂತಿಭೇದಿ ಹತ್ತಿತು.

ಟ್ರ್ಯಾಕ್ಟರಿನಲ್ಲಿ ಎಲ್ಲರೂ ನನ್ನ ಮರದ ಕೆಳಗೆ ಬಂದರು, ಕೈಯಲ್ಲಿ ಒಂದು ಬರೆದ ದೂರು. ಅದರಲ್ಲಿ ನೀರಿನ ವಿಷಯ ಇತ್ತು. ಜೊತೆಗೆ ಇಬ್ಬರ ವೃದ್ಧಾಪ್ಯ ವೇತನ ನಿಂತದ್ದು, ಒಬ್ಬರ ಮನೆ ಜಾಗದ ತಕರಾರು, ಒಬ್ಬ ಯುವಕನಿಗೆ ಎರಡು ವರ್ಷದ ಹಿಂದೆ ಪೊಲೀಸರು ಹೊಡೆದದ್ದು, ಎಲ್ಲವೂ ಸೇರಿತ್ತು. ಕೆಳಗೆ ನಾಲ್ಕು ಖಾಲಿ ಹಾಳೆಗಳ ತುಂಬ ಸಹಿ, ಹೆಬ್ಬೆಟ್ಟು. ಒಗ್ಗಟ್ಟು ತೋರಿಸಲು ಹಾಗೆ ಮಾಡಿದ್ದರು. ಆದರೆ ಹಾಗೆ ಕಳಿಸಿದ್ದರೆ ಜಾಗದ ತಕರಾರೂ ಹಳೆಯ ಏಟೂ ಸೇರಿ ನೀರಿನ ದೂರನ್ನೂ ಮುಳುಗಿಸುತ್ತಿದ್ದವು.

ಮಗಳ ನೋಟ್ಸಿನಲ್ಲಿ ಇದಕ್ಕೂ ಒಂದು ನಿಯಮ ಸಿಕ್ಕಿತು. ಎರಡು ಮೂರು ದೂರುಗಳಲ್ಲಿ ಸಂಗತಿ ಒಂದೇ ಬಗೆಯದಾಗಿದ್ದರೆ, ಜನ ಅವರೇ ಆಗಿದ್ದರೆ, ಇಲ್ಲವೇ ನಡೆದುಕೊಂಡ ರೀತಿ ಒಂದೇ ಆಗಿದ್ದರೆ ಅಮೆರಿಕ ಖಂಡದ ಆಯೋಗ ಅವನ್ನು ಒಂದೇ ಕಡತಕ್ಕೆ ಸೇರಿಸಬಹುದು. ಒಂದೇ ದೂರಿನಲ್ಲಿ ಕಾಲಕ್ಕೂ ಜಾಗಕ್ಕೂ ಸಂಬಂಧವಿಲ್ಲದ ಸಂಗತಿಗಳಿದ್ದರೆ ಅದನ್ನು ಒಡೆದು ಬೇರೆ ಬೇರೆ ಕಡತ ಮಾಡಬಹುದು. ನಮ್ಮ ಕಾಯ್ದೆಯಲ್ಲಿ ಹೀಗೆ ಬಿಡಿಸಿ ಬರೆದಿಲ್ಲ. ಆದರೂ ಇದು ಅರ್ಜಿ ಬರೆಯುವವನ ಕೈಗೆ ಒಳ್ಳೆಯ ಅಳತೆಗೋಲು. ನಾನು ಈಗ ಮೂರು ಪ್ರಶ್ನೆ ಕೇಳುತ್ತೇನೆ. ಆದದ್ದು ಒಂದೇ ಘಟನೆಯೇ? ಉತ್ತರ ಕೊಡಬೇಕಾದ ಕಚೇರಿ ಒಂದೇಯೇ? ಎಲ್ಲರದೂ ವರ್ಷದೊಳಗಿನದೇ? ಮೂರಕ್ಕೂ ಹೌದು ಅಂದವರು ಒಂದೇ ಕಟ್ಟಿಗೆ. ಉಳಿದವರಿಗೆ ಬೇರೆ ಕಾಗದ, ಬೇರೆ ಕಚೇರಿ.

ಅವತ್ತು ಹಾಗೇ ಬೇರ್ಪಡಿಸಿದೆವು. ವೇತನ ನಿಂತ ಇಬ್ಬರ ಅರ್ಜಿ ಅಲ್ಲೇ ಎದುರಿನ ತಹಶೀಲ್ದಾರ್ ಕಚೇರಿಗೆ ಹೋಯಿತು. ಜಾಗದವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿದೆ. ಏಟು ತಿಂದ ಯುವಕ ಒಪ್ಪಲಿಲ್ಲ, "ನಂದೂ ಇರಲಿ ಅಣ್ಣಾ" ಎಂದು ನಿಂತುಬಿಟ್ಟ. ಅವನನ್ನು ಕೂರಿಸಿಕೊಂಡು, ನಿನ್ನದನ್ನು ಇದಕ್ಕೆ ಸೇರಿಸಿದರೆ ನಿನಗೂ ಸಿಗುವುದಿಲ್ಲ, ನಿನ್ನ ಕೇರಿಯ ಮಕ್ಕಳಿಗೂ ಸಿಗುವುದಿಲ್ಲ ಎಂದು ಹೇಳಲು ಒಂದು ಗಂಟೆ ಬೇಕಾಯಿತು. ಆ ಒಂದು ಗಂಟೆ ಕೊಡಲೇಬೇಕು. ಅವನ ನೋವು ಚಿಕ್ಕದು ಎಂದು ಅವನಿಗೆ ಅನ್ನಿಸಬಾರದು. ಅವನಿಗೆ ಆಯೋಗದ ಬಾಗಿಲು ಮುಚ್ಚಿದ್ದರೂ ಕೋರ್ಟಿನ ಬಾಗಿಲು ಇತ್ತು, ಉಚಿತ ವಕೀಲರ ಅರ್ಜಿ ಬರೆದುಕೊಟ್ಟೆ.

ಉಳಿದ 19 ಜನರ ದೂರನ್ನು ಕಟ್ಟಿದ ರೀತಿ ಹೀಗಿತ್ತು. ಮೇಲೆ ಎರಡೇ ಪುಟದ ಮುಖ್ಯ ದೂರು: ಪೈಪು ಯಾವಾಗ ಒಡೆಯಿತು, ಪಂಚಾಯಿತಿಗೆ ಯಾವ ಎರಡು ದಿನ ಬರೆದುಕೊಟ್ಟರು, ಸ್ವೀಕೃತಿಯ ಮುದ್ರೆ ಎಲ್ಲಿದೆ, ಜನ ಕಾಯಿಲೆ ಬಿದ್ದದ್ದು ಯಾವ ದಿನದಿಂದ ಯಾವ ದಿನದವರೆಗೆ. ಅದರ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಹೆಸರು, ವಯಸ್ಸು, ಯಾವ ದಿನ ಕಾಯಿಲೆ, ಯಾವ ಆಸ್ಪತ್ರೆ, ಎಷ್ಟು ದಿನ, ಎಷ್ಟು ಕೂಲಿ ಹೋಯಿತು, ಆಸ್ಪತ್ರೆ ಚೀಟಿಯ ನಕಲು. ಮಕ್ಕಳಿಗೆ ತಂದೆ ಅಥವಾ ತಾಯಿಯ ಸಹಿ. ಪ್ರತಿ ಹಾಳೆಯ ಕೊನೆಗೆ ಈ ಸಾಲು: "ಮುಖ್ಯ ದೂರನ್ನೂ ಈ ಹಾಳೆಯನ್ನೂ ನನಗೆ ಓದಿ ಹೇಳಿದ್ದಾರೆ, ಕೇಳಿ ಒಪ್ಪಿ ಹೆಬ್ಬೆಟ್ಟು ಒತ್ತಿದ್ದೇನೆ." ನಿಜವಾಗಿಯೂ ಓದಿ ಹೇಳಿದೆ, 19 ಸಲ. ಖಾಲಿ ಹಾಳೆಯ ಸಹಿಗಳಿಗೆ ಬೆಲೆ ಇಲ್ಲ. ವಿಚಾರಣೆಗೆ ಬಂದವರು ಮನೆಮನೆಗೆ ಹೋಗಿ "ಇದಕ್ಕ ಯಾಕ ಸಹಿ ಮಾಡೀರಿ" ಎಂದು ಕೇಳಿದಾಗ, ಗೊತ್ತಿಲ್ಲದವರು "ನನಗೇನೂ ಗೊತ್ತಿಲ್ರಿ" ಅಂದುಬಿಡುತ್ತಾರೆ. ಆ ಒಂದು ಮಾತು ವರದಿಯಲ್ಲಿ ದೊಡ್ಡದಾಗುತ್ತದೆ.

ಹೀಗೆ ಒಂದೊಂದು ಹಾಳೆ ಬೇರೆ ಇದ್ದರೆ ಇನ್ನೊಂದು ಅನುಕೂಲ. ನಾಳೆ ಒಬ್ಬರು ಹೆದರಿ ಹಿಂದೆ ಸರಿದರೆ ಅವರ ಹಾಳೆ ಮಾತ್ರ ಕಳಚಿಕೊಳ್ಳುತ್ತದೆ, ಕಟ್ಟು ನಿಲ್ಲುತ್ತದೆ. ಮುಖ್ಯ ದೂರಿನಲ್ಲಿ ಈ ಮಾತನ್ನೂ ಬರೆದಿಡಿ: "ಒಬ್ಬರ ರಾಜಿ ಅಥವಾ ಹಿಂತೆಗೆತ ಉಳಿದವರ ದೂರಿಗೆ ಅನ್ವಯಿಸುವುದಿಲ್ಲ."

ಪತ್ರ ವ್ಯವಹಾರಕ್ಕೆ ಒಬ್ಬ ಪ್ರತಿನಿಧಿ ಬೇಕು, ಊರು ಬಿಡದವರಾಗಿರಬೇಕು. ನಮ್ಮ ಜನ ಬೇಸಿಗೆಗೆ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುತ್ತಾರೆ. ಆಯೋಗದ ನೋಟಿಸು ಬಂದಾಗ ಮನೆಗೆ ಬೀಗ, ಅಂಚೆಯವರು "ಬಾಗಿಲು ಹಾಕಿದೆ" ಎಂದು ಬರೆದು ವಾಪಸ್ ಕಳಿಸುತ್ತಾರೆ, ದೂರುದಾರರಿಗೆ ಆಸಕ್ತಿ ಇಲ್ಲವೆಂದು ಕಡತ ಮುಚ್ಚಿಹೋಗಬಹುದು. ಆ ಊರಿನಲ್ಲಿ ನಾವು ಆರಿಸಿದ್ದು ಅಂಗನವಾಡಿ ಪಕ್ಕದ ಕಿರಾಣಿ ಅಂಗಡಿಯ ಅಜ್ಜಿಯನ್ನು. ಅವರ ಹೆಸರಿಗೆ ಎಲ್ಲರ ಒಪ್ಪಿಗೆ ಪತ್ರ, ಅವರ ವಿಳಾಸದ ಕೆಳಗೆ ಇನ್ನೊಂದು ವಿಳಾಸ, ಎರಡು ಮೊಬೈಲ್ ನಂಬರು.

ಈಗಾಗಲೇ ಒಬ್ಬೊಬ್ಬರು ಬೇರೆ ಬೇರೆ ದೂರು ಕಳಿಸಿ ನಂಬರು ಬಿದ್ದಿದ್ದರೆ ಹೊಸದು ಬರೆಯಬೇಡಿ. ಎಲ್ಲ ನಂಬರುಗಳನ್ನು ಮೇಲೆ ಹಾಕಿ ಒಂದು ಪುಟದ ಮನವಿ ಸಾಕು: "ಮೇಲ್ಕಂಡ ದೂರುಗಳು ಒಂದೇ ಘಟನೆಗೆ, ಒಂದೇ ಕಚೇರಿಗೆ ಸಂಬಂಧಿಸಿವೆ. ಒಂದೇ ವರದಿಯಿಂದ ಎಲ್ಲಕ್ಕೂ ಉತ್ತರ ಸಿಗುವುದರಿಂದ ಒಟ್ಟಿಗೆ ಸೇರಿಸಿ ವಿಚಾರಣೆ ಮಾಡಬೇಕೆಂದು ಕೋರುತ್ತೇವೆ. ಪ್ರತಿಯೊಬ್ಬರಿಗೂ ಆದ ನಷ್ಟವನ್ನು ಬೇರೆ ಬೇರೆಯಾಗಿ ಪರಿಗಣಿಸಬೇಕು." ಕೊನೆಯ ವಾಕ್ಯ ಇಲ್ಲದಿದ್ದರೆ ಪರಿಹಾರ ಬಂದಾಗ ಎಲ್ಲರಿಗೂ ಸೇರಿ ಒಂದು ಮೊತ್ತ ಎಂದಾಗುವ ಅಪಾಯ ಇದೆ.

ಏನು ಕೇಳಬೇಕು

ಆಯೋಗ ಶಿಕ್ಷೆ ಕೊಡುವುದಿಲ್ಲ. ವರದಿ ತರಿಸಬಹುದು, ಸಾಕ್ಷಿಗಳನ್ನು ಕರೆಸಬಹುದು, ಪರಿಹಾರಕ್ಕೆ, ತಪ್ಪಿತಸ್ಥರ ಮೇಲೆ ಕ್ರಮಕ್ಕೆ, ತುರ್ತು ಮಧ್ಯಂತರ ನೆರವಿಗೆ ಸರ್ಕಾರಕ್ಕೆ ಶಿಫಾರಸು ಮಾಡಬಹುದು. ಅಷ್ಟನ್ನೇ ಕೇಳಿ. "ಗಲ್ಲಿಗೇರಿಸಬೇಕು" ಎಂದು ಬರೆದರೆ ಉಳಿದದ್ದೂ ಹಗುರಾಗುತ್ತದೆ.

ಠಾಣೆಯ ವಿಷಯವಾದರೆ ಒಂದನ್ನು ಮೊದಲ ದಿನವೇ ಕೇಳಿ: ಸಿಸಿಟಿವಿ. 2020ರ ಡಿಸೆಂಬರಿನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಅದಕ್ಕೆ ತಕ್ಕ ಯಂತ್ರ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕು ಎಂದಿದೆ. ಹೊಡೆಸಿಕೊಂಡವರು ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬಹುದು, ಆಯೋಗ ಆ ದೃಶ್ಯ ತರಿಸಿಕೊಳ್ಳಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಯಾವ ದಿನದ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗಿನದು ಬೇಕೆಂದು ಬರೆದು, "ಅಳಿಸದಂತೆ ಉಳಿಸಿಡಲು ಕೂಡಲೇ ಸೂಚಿಸಬೇಕು" ಎಂದು ಕೋರಿ. ಬಂಧನದ ಮೆಮೊ ಕೊಟ್ಟರೋ, ಮನೆಯವರಿಗೆ ತಿಳಿಸಿದರೋ, 48 ಗಂಟೆಗೊಮ್ಮೆ ವೈದ್ಯರಿಗೆ ತೋರಿಸಿದರೋ ಅದನ್ನೂ ಬರೆಯಿರಿ. ಇವೆಲ್ಲ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದ ಕಟ್ಟಳೆಗಳು. ಬಿಟ್ಟ ದಿನವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಗಾಯಗಳ ವೈದ್ಯಕೀಯ-ಕಾನೂನು ದಾಖಲೆಯಾದ ಎಂಎಲ್‌ಸಿ ಮಾಡಿಸಿ. ಬಾವು ಇಳಿದ ಮೇಲೆ ಯಾವ ಡಾಕ್ಟರೂ ಏನನ್ನೂ ಬರೆದುಕೊಡಲಾರರು.

ಕಳಿಸಿದ ಮೇಲೆ

ಸ್ಪೀಡ್ ಪೋಸ್ಟ್ ಮಾಡಿ. ಆ ರಶೀದಿಯ ಅಕ್ಷರ ಬೇಗ ಮಾಸುತ್ತದೆ, ಅವತ್ತೇ ಫೋಟೋ ತೆಗೆದಿಡಿ. ದೂರಿಗೆ ನಂಬರು ಬಿದ್ದ ಪತ್ರ ಬರುತ್ತದೆ, ಮುಂದೆ ಏನೇ ಬರೆದರೂ ಆ ನಂಬರು ಮೇಲೆ ಇರಲಿ.

ಆಮೇಲೆ ಆಯೋಗ ಸಂಬಂಧಪಟ್ಟ ಇಲಾಖೆಯಿಂದ ವರದಿ ಕೇಳುತ್ತದೆ. ವರದಿ ಬಂದಾಗ ಅದರ ನಕಲನ್ನು ನಿಮಗೆ ಕಳಿಸಿ, ನಿಮ್ಮ ಹೇಳಿಕೆ ಏನೆಂದು ಕೇಳಿದರೆ, ಇಂತಿಷ್ಟು ದಿನದೊಳಗೆ ಎಂದು ಬರೆದಿರುತ್ತಾರೆ. ಹೊಸ್ತಿಲು ದಾಟಿದ ದೂರುಗಳು ಮತ್ತೆ ಬೀಳುವುದು ಇಲ್ಲಿ. ವರದಿಯಲ್ಲಿ "ಆರೋಪ ಸತ್ಯಕ್ಕೆ ದೂರ" ಎಂದು ಓದಿ ಎದೆಯೊಡೆದು, ಇನ್ನೇನು ಮುಗಿಯಿತೆಂದು ಕಾಗದವನ್ನು ಮಾಡಿನ ಸಂದಿಗೆ ಸಿಕ್ಕಿಸಿ ಸುಮ್ಮನಾಗುತ್ತಾರೆ. ಉತ್ತರ ಹೋಗದಿದ್ದರೆ ವರದಿಯನ್ನು ನೀವು ಒಪ್ಪಿದಿರಿ ಎಂದಾಗುತ್ತದೆ. ಆ ನೀರಿನ ದೂರಿನಲ್ಲೂ "ಪೈಪು ದುರಸ್ತಿ ಮಾಡಲಾಗಿದೆ" ಎಂದು ವರದಿ ಬಂತು. ದುರಸ್ತಿ ಆಗಿದ್ದು ನಿಜ, ಆದರೆ ಜನ ಕಾಯಿಲೆ ಬಿದ್ದ ಹನ್ನೊಂದು ದಿನದ ಮೇಲೆ. ಆ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಪುಟದ ಉತ್ತರ ಬರೆದೆವು. ಅಜ್ಜಿ ಅಂಗಡಿಗೆ ಬೀಗ ಹಾಕಿ ತಾವೇ ಬಸ್ಸು ಹತ್ತಿ ಬಂದು ಸಹಿ ಹಾಕಿದರು.

ನಿಮಗೂ ಅಂಥ ವರದಿ ಬಂದರೆ ಒಳಗಿನ ಕಾಗದದ ಜೊತೆ ಲಕೋಟೆಯನ್ನೂ ತನ್ನಿ. ಉತ್ತರಕ್ಕೆ ಕೊಟ್ಟ ದಿನಗಳನ್ನು ಎಣಿಸುವಾಗ, ಅದು ನಿಮ್ಮ ಊರಿನ ಅಂಚೆಗೆ ಯಾವತ್ತು ಬಂತೆಂದು ತೋರಿಸಲು ಲಕೋಟೆಯ ಮೇಲಿನ ಮುದ್ರೆ ಬೇಕಾಗುತ್ತದೆ.